ವಿಶೇಷ ವೃತ್ತಿಶಾಲೆಯ ಚರಿತ್ರೆ: ಮೈಸೂರು, ಗದಗು ಮತ್ತು ಚಿತ್ರದುರ್ಗ ಸೀಮೆ

ದೃಷ್ಟಿ, ಶ್ರವಣ, ಅಂಗಬಲ, ಬುದ್ಧಿಶಕ್ತಿ ಇವುಗಳಲ್ಲಿ ಒಂದಿಲ್ಲೊಂದು ಕೊರತೆಯುಳ್ಳ ಮಕ್ಕಳಿಗೆ ಅಕ್ಷರದೊಡನೆ ಒಂದು ಕಸುಬನ್ನೂ ಕಲಿಸಿ, ಮುಂದೆ ಅವರು ತಮ್ಮ ಅನ್ನವನ್ನು ತಾವೇ ಸಂಪಾದಿಸಿಕೊಳ್ಳುವಂತೆ ಮಾಡಲು ಹೊರಟ ಶಾಲೆಯನ್ನು ವಿಶೇಷ ವೃತ್ತಿಶಾಲೆಯೆಂದು ಕರೆಯುತ್ತೇವೆ. ಇಂಥ ಶಾಲೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸ್ಥಾಪಕರ ಔದಾರ್ಯವನ್ನು ಹೊಗಳಿ, ಕಟ್ಟಡದ ಶಂಕುಸ್ಥಾಪನೆಯನ್ನು ವರ್ಣಿಸಿ, ವಿದ್ಯಾರ್ಥಿಗಳ ಸಂಖ್ಯೆಯನ್ನು ಹೇಳಿ ಮುಗಿಸುವುದುಂಟು. ನಾವು ಇಲ್ಲಿ ಕೇಳಹೊರಟಿರುವ ಪ್ರಶ್ನೆ ಬೇರೆ. ಶಾಲೆಯು ಯಾವ ಕಸುಬನ್ನು ಆರಿಸಿತು? ಏಕೆ ಅದನ್ನೇ ಆರಿಸಿತು? ಶಾಲೆಯ ಬಾಗಿಲನ್ನು ದಾಟಿ ಊರಿಗೆ ಮರಳಿದ ವಿದ್ಯಾರ್ಥಿಯ ಕೈಕೆಲಸಕ್ಕೆ ಅಲ್ಲಿ ಗಿರಾಕಿ ಇದ್ದನೆ? ಹಳೆಯ ಮೈಸೂರು ಸಂಸ್ಥಾನದ ಒಂದು ಶಾಲೆಯನ್ನೂ ಗದುಗಿನ ಒಂದು ಆಶ್ರಮವನ್ನೂ ಈ ದೃಷ್ಟಿಯಿಂದ ನೋಡಿ, ಅಲ್ಲಿ ಕಂಡುಬರುವ ಸಂಗತಿಗಳನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಪರಿಸ್ಥಿತಿಗೆ ಹೊಂದಿಸಿ ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಹೆಸರಿನ ವಿಷಯ. ಕುರುಡ, ಕಿವುಡ, ಮೂಗ, ಹೆಳವ ಎಂಬ ಮಾತುಗಳು ನಮ್ಮ ನುಡಿಯಲ್ಲಿ ಬಹುಕಾಲ ಬಳಕೆಯಲ್ಲಿದ್ದವು. ತರುವಾಯ ಅಂಗವಿಕಲರೆಂಬ ಮಾತು ಬಂದಿತು. ಈಗ ವಿಕಲಚೇತನರು, ವಿಶೇಷಚೇತನರು ಎಂಬವು ರೂಢಿಯಲ್ಲಿವೆ. ಹೆಸರು ಮೃದುವಾದುದು ಒಳ್ಳೆಯದೇ. ಆದರೆ ಹೆಸರು ಬದಲಾದ ವೇಗದಲ್ಲಿ ಕಸುಬುಗಳು ಬದಲಾಗಲಿಲ್ಲವೆಂಬುದನ್ನು ಮುಂದೆ ನೋಡುತ್ತೇವೆ.

ಶಾಲೆಗಳು ಹುಟ್ಟುವ ಮೊದಲು ಇಂಥವರಿಗೆ ಜೀವನೋಪಾಯವೇ ಇರಲಿಲ್ಲವೆಂದು ತಿಳಿಯಬಾರದು. ಹೆಳವರೆಂಬ ಜನ ನಮ್ಮ ನಾಡಿನಲ್ಲಿ ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು, ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರುಗಳ ಹಿಂದಿನಿಂದ ಹೇಳಿ, ಕಾಳುಕಡಿಯನ್ನೂ ಬಟ್ಟೆಬರೆಯನ್ನೂ ಪಡೆದುಹೋಗುತ್ತಿದ್ದರು. ತಮ್ಮ ಮೂಲಪುರುಷನು ಕಾಲಿಲ್ಲದವನೆಂದೂ ಆದಕಾರಣ ಎತ್ತನ್ನೇರಿದನೆಂದೂ ಅವರಲ್ಲಿ ಐತಿಹ್ಯವುಂಟು. ಐತಿಹ್ಯದ ಸತ್ಯಾಸತ್ಯತೆ ಏನೇ ಇರಲಿ, ಅದು ಸೂಚಿಸುವ ವಿವೇಕ ಗಮನಾರ್ಹವಾದುದು: ನಡೆಯಲಾರದವನಿಗೆ ವಾಹನವನ್ನು ಕೊಟ್ಟು, ಅವನ ನೆನಪಿನ ಶಕ್ತಿಯನ್ನು ಊರಿಗೆ ಬೇಕಾದ ಸರಕನ್ನಾಗಿ ಮಾಡಲಾಯಿತು. ವಂಶದ ಹೆಸರು ಯಾವ ಮನೆಗೆ ಬೇಡ? ಆದರೂ ಇಂಥ ವ್ಯವಸ್ಥೆಗಳು ಕೆಲವೇ ಮಂದಿಗೆ ದಕ್ಕಿದವು. ಉಳಿದವರ ಪಾಲಿಗೆ ಗುಡಿಯ ಮೆಟ್ಟಿಲೋ ಮನೆಯ ಹಿಂದಣ ಮೂಲೆಯೋ ಗತಿಯಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಐರೋಪ್ಯ ದೇಶಗಳಲ್ಲಿ ಈ ಬಗೆಯ ಶಾಲೆಗಳು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮೊದಲಾದವು. 1760ರ ಸುಮಾರಿನಲ್ಲಿ ಅಬೆ ದ ಲೆಪೆ ಎಂಬ ಪಾದ್ರಿ ಪ್ಯಾರಿಸ್ಸಿನಲ್ಲಿ ಕಿವುಡ ಮಕ್ಕಳಿಗೆ ಸಂಜ್ಞೆಯ ಮೂಲಕ ಪಾಠ ಹೇಳತೊಡಗಿದನು. ಅದೇ ನಗರದಲ್ಲಿ 1784ರಲ್ಲಿ ವಾಲಂತ್ಯಾಂ ಅವಿ ಎಂಬಾತ ಅಂಧ ಮಕ್ಕಳಿಗೆ ಶಾಲೆಯೊಂದನ್ನು ಸ್ಥಾಪಿಸಿದನು. ಲೂಯಿ ಬ್ರೈಲನು ಮುಂದೆ ಓದಿದ್ದು ಆ ಶಾಲೆಯಲ್ಲಿಯೇ. ನಮ್ಮ ವಿಷಯಕ್ಕೆ ಇವೆರಡಕ್ಕಿಂತಲೂ ಹತ್ತಿರವಾದದ್ದು 1791ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ತೆರೆದ ಶಾಲೆ. ಅದನ್ನು ಆರಂಭಿಸಿದವರಲ್ಲಿ ಮುಖ್ಯನಾದ ಎಡ್ವರ್ಡ್ ರಷ್ಟನ್ ನಾವಿಕನಾಗಿದ್ದವನು; ಗುಲಾಮರನ್ನು ಸಾಗಿಸುತ್ತಿದ್ದ ಹಡಗಿನಲ್ಲಿ ಕಣ್ಣುಬೇನೆಯಿಂದ ನರಳುತ್ತಿದ್ದ ಬಂದಿಗಳ ಉಪಚಾರಕ್ಕೆ ಹೋಗಿ ಆ ಬೇನೆಯಿಂದಲೇ ದೃಷ್ಟಿಯನ್ನು ಕಳೆದುಕೊಂಡವನು. ಬಡ ಅಂಧರಿಗೆ ಕೈಕಸುಬನ್ನೂ ಸಂಗೀತವನ್ನೂ ಕಲಿಸಿ ಸಂಪಾದನೆಯ ದಾರಿಗೆ ಹಚ್ಚಬೇಕೆಂಬುದು ಲಿವರ್‌ಪೂಲಿನ ಶಾಲೆಯ ಧ್ಯೇಯವಾಗಿತ್ತು. ಬುಟ್ಟಿ ಹೆಣೆಯುವ ಅಂಧನ ಚಿತ್ರವು ಲೋಕದ ಮನಸ್ಸಿನಲ್ಲಿ ನೆಲೆಗೊಂಡದ್ದು ಇಂಥ ಶಾಲೆಗಳಿಂದ.

ಭಾರತದಲ್ಲಿ ಮೊದಲ ಹೆಜ್ಜೆ ಇಟ್ಟವರು ಬಹುಮಟ್ಟಿಗೆ ಕ್ರೈಸ್ತ ಮಿಷನರಿಗಳು. 1885ರಲ್ಲಿ ಮುಂಬಯಿಯಲ್ಲಿ ಕಿವುಡ ಮಕ್ಕಳ ಶಾಲೆ, 1887ರಲ್ಲಿ ಅಮೃತಸರದಲ್ಲಿ ಆನಿ ಶಾರ್ಪ್ ಎಂಬ ಮಹಿಳೆಯ ಅಂಧರ ಶಾಲೆ, 1893ರಲ್ಲಿ ಕಲಕತ್ತೆಯ ಕಿವುಡರ ಶಾಲೆ, ಹೀಗೆ ಒಂದರ ಹಿಂದೊಂದು ಹುಟ್ಟಿಕೊಂಡವು. ಕನ್ನಡ ನಾಡಿನ ಮೊದಲ ಪ್ರಯತ್ನ 1901ರದು. ಆ ವರ್ಷ ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು ಅಂಧರಿಗೂ ಕಿವುಡರಿಗೂ ಒಂದೇ ಶಾಲೆಯನ್ನು ಆರಂಭಿಸಿದರು. ಅದು ಕಾಲಕ್ರಮದಲ್ಲಿ ಸರ್ಕಾರದ ಶಾಲೆಯಾಗಿ, ನಗರದ ತಿಲಕನಗರದಲ್ಲಿ ನೆಲೆಗೊಂಡಿತು.

1901 ಎಂಬ ಈ ವರ್ಷವನ್ನು ಸ್ವಲ್ಪ ಗಮನಿಸಬೇಕು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಅಧಿಕಾರವನ್ನು ವಹಿಸಿಕೊಂಡಿರಲಿಲ್ಲ. ಅವರ ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಆಳುತ್ತಿದ್ದರು. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ, ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ 1898ರಿಂದ ನಡೆಯುತ್ತಿದ್ದುದು ಅದೇ ಕಾಲದಲ್ಲಿ. ಅದು 1907ರಲ್ಲಿ ಮುಗಿದಾಗ ಆ ಮಹಾರಾಣಿಯವರ ಹೆಸರಿನಿಂದಲೇ ವಾಣಿವಿಲಾಸಸಾಗರವೆನಿಸಿತು. ಬರಗಾಲದ ಸೀಮೆಗೆ ನೀರನ್ನು ತರುವ ಕೆಲಸವೂ ಕಣ್ಣಿಲ್ಲದ ಮಗುವಿಗೆ ಅಕ್ಷರವನ್ನು ತರುವ ಕೆಲಸವೂ ಒಂದೇ ಸಂಸ್ಥಾನದಲ್ಲಿ, ಒಂದೇ ದಶಕದಲ್ಲಿ ನಡೆದವು. ವ್ಯತ್ಯಾಸವಿಷ್ಟೆ: ಅಣೆಕಟ್ಟನ್ನು ಹಿರಿಯೂರಿಗೆ ಒಯ್ದು ಕಟ್ಟಿದರು, ಶಾಲೆಗಾದರೋ ಹಿರಿಯೂರಿನ ಮಗುವೇ ಮೈಸೂರಿಗೆ ಬರಬೇಕಾಗಿತ್ತು.

ಆ ದೂರ ಅಲ್ಪವಾದುದಲ್ಲ. ಚಿತ್ರದುರ್ಗದಿಂದ ಮೈಸೂರು ಇನ್ನೂರು ಕಿಲೋಮೀಟರಿಗೂ ಮೀರಿದ ಹಾದಿ. ಚಿತ್ರದುರ್ಗದ ಮಗುವಾದರೆ ಕವಲು ರೈಲಿನಲ್ಲಿ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿಗೆ ಬಂದು, ಅಲ್ಲಿ ಗಾಡಿ ಬದಲಾಯಿಸಿ ಅರಸೀಕೆರೆಗೆ, ಅಲ್ಲಿ ಮತ್ತೊಮ್ಮೆ ಬದಲಾಯಿಸಿ ಮೈಸೂರಿಗೆ ಹೋಗಬೇಕು. ಹೊಸದುರ್ಗದವರಿಗೆ ಹೊಸದುರ್ಗ ರೋಡ್ ಎಂಬ ನಿಲ್ದಾಣವಿದ್ದರೂ ಅದರ ಹೆಸರೇ ಹೇಳುವಂತೆ ಊರು ಅಲ್ಲಿಲ್ಲ. ಹಿರಿಯೂರಿಗೆ ರೈಲೇ ಇರಲಿಲ್ಲ. ಕಣ್ಣು ಕಾಣದ ಏಳೆಂಟು ವರ್ಷದ ಮಗುವನ್ನು ಇಷ್ಟು ದೂರ ಕಳುಹಿಸಲು ತಾಯಿತಂದೆಗಳು ಹಿಂಜರಿದರೆ ಅದನ್ನು ಅಜ್ಞಾನವೆಂದು ಕರೆಯುವುದು ನ್ಯಾಯವಲ್ಲ. ಕಳುಹಿಸಿದವರಿಗೂ ಬೇರೊಂದು ಸಂಕಟವಿತ್ತು. ಹತ್ತು ವರ್ಷ ನಗರದ ವಿದ್ಯಾರ್ಥಿನಿಲಯದಲ್ಲಿ ಬೆಳೆದ ಹುಡುಗ ಊರಿಗೆ ಬಂದಾಗ ಊರಿನ ಕೆಲಸಗಳಲ್ಲಿ ಒಂದನ್ನೂ ಅರಿಯದವನಾಗಿರುತ್ತಿದ್ದನು.

ಅಂಧರನ್ನೂ ಕಿವುಡರನ್ನೂ ಒಂದೇ ಸೂರಿನಡಿಯಲ್ಲಿ ಕೂಡಿಸಿದ್ದು ಅಂದಿನ ಬಡತನದ ಫಲವೆಂದೇ ಹೇಳಬೇಕು. ಅಧ್ಯಾಪನದ ದೃಷ್ಟಿಯಿಂದ ಅವೆರಡೂ ವಿರುದ್ಧ ದಿಕ್ಕಿನವು. ಒಬ್ಬನಿಗೆ ಎಲ್ಲವನ್ನೂ ಮಾತಿನಲ್ಲಿ ಹೇಳಬೇಕು, ಇನ್ನೊಬ್ಬನಿಗೆ ಎಲ್ಲವನ್ನೂ ತೋರಿಸಬೇಕು. ಕಿವುಡರಿಗೆ ಪಾಠ ಹೇಳುವ ಕ್ರಮದಲ್ಲಂತೂ 1880ರ ಮಿಲಾನ್ ಸಮ್ಮೇಳನದ ತರುವಾಯ ಸಂಜ್ಞೆಯನ್ನು ಬಿಡಿಸಿ ತುಟಿಯ ಚಲನೆಯನ್ನು ನೋಡಿ ಮಾತು ಕಲಿಯಬೇಕೆಂಬ ಪಕ್ಷವೇ ಲೋಕದಲ್ಲೆಲ್ಲ ಮೇಲುಗೈ ಪಡೆದಿತ್ತು; ಅದರಿಂದಾದ ಹಾನಿಯನ್ನು ಈಗ ವಿದ್ವಾಂಸರು ಒಪ್ಪುತ್ತಾರೆ. ಅಂಧರ ಓದಿಗೆ ಬೇಕಾದ ಬ್ರೈಲ್ ಲಿಪಿಯ ಸ್ಥಿತಿಯೂ ತೊಡಕಿನದೇ. ಆರು ಚುಕ್ಕೆಗಳ ಈ ಲಿಪಿಯನ್ನು ಭಾರತದ ನುಡಿಗಳಿಗೆ ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಹೊಂದಿಸಿದ್ದರಿಂದ, ದೇಶವು ಸ್ವತಂತ್ರವಾಗುವ ಹೊತ್ತಿಗೆ ಹನ್ನೊಂದು ಬಗೆಯ ಬ್ರೈಲುಗಳು ಬಳಕೆಯಲ್ಲಿದ್ದವು. 1951ರಲ್ಲಿ ಭಾರತಿ ಬ್ರೈಲ್ ಎಂಬ ಏಕರೂಪದ ಲಿಪಿ ಒಪ್ಪಿತವಾದ ಮೇಲೆ ಕನ್ನಡದ ಓದುಗನಿಗೂ ಸ್ಥಿರವಾದ ನೆಲೆ ದೊರೆಯಿತು.

ಇನ್ನು ಸಂಖ್ಯೆಯ ಮಾತು. ಬ್ರಿಟಿಷರ ಕಾಲದ ಜನಗಣತಿಯಲ್ಲಿ ಅಂಧರು, ಹುಟ್ಟು ಕಿವುಡ-ಮೂಕರು, ಚಿತ್ತಸ್ವಾಸ್ಥ್ಯವಿಲ್ಲದವರು, ಕುಷ್ಠರೋಗಿಗಳು ಎಂದು ಎಣಿಸುವ ಪದ್ಧತಿ 1931ರವರೆಗೆ ನಡೆದುಬಂದಿತು. 1941ರಲ್ಲಿ ಅದನ್ನು ಬಿಟ್ಟರು. ಮತ್ತೆ ಇಂಥ ಎಣಿಕೆ ನಡೆದುದು 1981ರಲ್ಲಿ. 1991ರಲ್ಲಿ ಪುನಃ ಬಿಟ್ಟುಹೋಗಿ 2001ರಲ್ಲಿ ಹಿಂತಿರುಗಿತು. ಎಂದರೆ ಸ್ವತಂತ್ರ ಭಾರತವು ತನ್ನ ಪಂಚವಾರ್ಷಿಕ ಯೋಜನೆಗಳನ್ನು ಹೂಡಿ ಶಾಲೆಗಳನ್ನು ಕಟ್ಟುತ್ತಿದ್ದ ದಶಕಗಳಲ್ಲಿ, ಯಾವ ತಾಲ್ಲೂಕಿನಲ್ಲಿ ಇಂಥ ಮಕ್ಕಳು ಎಷ್ಟು ಮಂದಿ ಎಂಬ ಗಣತಿಯ ಲೆಕ್ಕವೇ ಇರಲಿಲ್ಲ. 2011ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಇಂಥವರ ಸಂಖ್ಯೆ 13,24,205. ಲೆಕ್ಕವಿಲ್ಲದ ಆ ಅರ್ಧ ಶತಮಾನದಲ್ಲಿ ಯೋಜಕರು ಕಣ್ಣೆದುರಿಗೆ ಬಂದವರಿಗೆ ಮಾತ್ರ ಶಾಲೆ ಕಟ್ಟಿದರು. ಕಣ್ಣೆದುರಿಗೆ ಬರುವವರು ನಗರದವರು.

ಈಗ ಕಸುಬುಗಳಿಗೆ ಬರೋಣ. ಭಾರತದ ಅಂಧರ ಶಾಲೆಗಳಲ್ಲೆಲ್ಲ ಬೆತ್ತದ ಕುರ್ಚಿ ಹೆಣೆಯುವ ಕೆಲಸ ಒಂದು ನಿಯಮವೆಂಬಷ್ಟು ಸಾಮಾನ್ಯವಾಗಿತ್ತು. ಅದನ್ನು ಆರಿಸಲು ಸಕಾರಣವೂ ಇತ್ತು. ಕುರ್ಚಿಯ ಚೌಕಟ್ಟಿನಲ್ಲಿ ಸಮದೂರದಲ್ಲಿ ತೂತುಗಳಿರುತ್ತವೆ. ಬೆರಳು ಅವುಗಳನ್ನು ಎಣಿಸಬಲ್ಲುದು. ನೀರಿನಲ್ಲಿ ನೆನೆಸಿ ಮೆತ್ತಗಾದ ಬೆತ್ತದ ಸೀಳನ್ನು ಮೊದಲು ಹಿಂದಿನಿಂದ ಮುಂದಕ್ಕೆ ಎಳೆಯಬೇಕು, ಅನಂತರ ಎಡದಿಂದ ಬಲಕ್ಕೆ. ಮತ್ತೆ ಹಿಂದಿನಿಂದ ಮುಂದಕ್ಕೆ ಇನ್ನೊಂದು ಸುತ್ತು. ನಾಲ್ಕನೆಯ ಸುತ್ತಿನಲ್ಲಿ ಎಡಬಲವಾಗಿ ಹೋಗುವಾಗ ಒಂದರ ಮೇಲೆ ಒಂದರ ಕೆಳಗೆ ಹಾಯಿಸಿ ಹೆಣೆಯಬೇಕು. ಆಮೇಲೆ ಎರಡು ಮೂಲೆಗೆರೆಗಳು. ಕಡೆಗೆ ಅಂಚು ಕಟ್ಟುವುದು. ಪ್ರತಿಯೊಂದು ಹಂತವೂ ತನ್ನ ಹಿಂದಿನ ಹಂತವನ್ನು ಬೆರಳಿಗೆ ಗುರುತು ಹೇಳುತ್ತದೆ. ತಪ್ಪಿದರೆ ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಹರಿತವಾದ ಆಯುಧ ಬೇಡ, ಬೆಂಕಿ ಬೇಡ, ದೊಡ್ಡ ಬಂಡವಾಳ ಬೇಡ. ಹಾಗಾಗಿ ಕಲಿಸುವುದಕ್ಕೆ ಇದಕ್ಕಿಂತ ಉತ್ತಮವಾದ ಕಸುಬನ್ನು ಕಲ್ಪಿಸುವುದು ಕಷ್ಟ.

ಆದರೆ ಕಲಿಸುವುದಕ್ಕೆ ಅನುಕೂಲವಾದುದೆಲ್ಲ ಬದುಕುವುದಕ್ಕೆ ಅನುಕೂಲವಾಗುವುದಿಲ್ಲ. ಬೆತ್ತದ ಕುರ್ಚಿಯ ದೊಡ್ಡ ಗಿರಾಕಿ ಸರ್ಕಾರ: ಕಚೇರಿಗಳು, ನ್ಯಾಯಾಲಯಗಳು, ರೈಲ್ವೆ. ಕುರ್ಚಿಯ ಬೆತ್ತ ಹರಿದಂತೆಲ್ಲ ಹೆಣೆಯುವವನು ಬೇಕಾಗುತ್ತಿದ್ದನು. ಆ ಹುದ್ದೆಗೆ ಅಂಧರನ್ನು ತೆಗೆದುಕೊಳ್ಳುವ ಪದ್ಧತಿಯೂ ಬೆಳೆಯಿತು. ಹಳ್ಳಿಯಲ್ಲಿ ಬೆತ್ತದ ಕುರ್ಚಿ ಎಷ್ಟು ಮನೆಗಳಲ್ಲಿದ್ದೀತು? ಶಾನುಭೋಗರ ಮನೆಯಲ್ಲಿ ಒಂದು, ಪಟೇಲರ ಜಗಲಿಯಲ್ಲಿ ಇನ್ನೊಂದು ಇದ್ದರೆ ಹೆಚ್ಚು. ಆದುದರಿಂದ ಬೆತ್ತ ಕಲಿತವನು ನಗರದಲ್ಲಿಯೇ ಸರ್ಕಾರಿ ಕಚೇರಿಯ ನೆರಳಿನಲ್ಲಿ ಉಳಿಯಬೇಕಾಯಿತು. ಊರಿಗೆ ಹೋದವನಿಗೆ ಆ ವಿದ್ಯೆ ನಿರುಪಯುಕ್ತವಾಯಿತು. ಮೊದಲು ಪ್ಲಾಸ್ಟಿಕ್ ತಂತಿ, ತರುವಾಯ ಇಡಿಯಾಗಿ ಎರಕಹೊಯ್ದ ಪ್ಲಾಸ್ಟಿಕ್ ಕುರ್ಚಿ ಬಂದಮೇಲೆ ನಗರದ ಗಿರಾಕಿಯೂ ಕಡಿಮೆಯಾದನು. ಶಾಲೆಗಳಲ್ಲಿ ಬೆತ್ತದ ಪಾಠ ಮಾತ್ರ ಅದಾದ ಬಹಳ ವರ್ಷಗಳವರೆಗೆ ನಡೆಯಿತು. ಪಾಠ ಹೇಳಲು ಬಲ್ಲ ಶಿಕ್ಷಕರಿದ್ದರು, ಚೌಕಟ್ಟುಗಳಿದ್ದವು, ವಾರ್ಷಿಕೋತ್ಸವದ ಪ್ರದರ್ಶನಕ್ಕೆ ಬೆತ್ತದ ಬುಟ್ಟಿ ಚೆನ್ನಾಗಿ ಕಾಣುತ್ತಿತ್ತು. ನಿಲ್ಲಿಸಲು ಯಾರಿಗೂ ಅವಸರವಿರಲಿಲ್ಲ.

ಕಿವುಡರಿಗೆ ಕಲಿಸುತ್ತಿದ್ದ ಮುದ್ರಣದ ಕೆಲಸದ ಕಥೆಯೂ ಇಂಥದೇ. ಯಂತ್ರದ ಗದ್ದಲ ಅವರನ್ನು ಬಾಧಿಸದು. ಮೊಳೆ ಜೋಡಿಸುವುದಕ್ಕೆ ಬೇಕಾದ ಕಣ್ಣಿನ ಚುರುಕು ಅವರಲ್ಲಿ ಹೆಚ್ಚು. ಒತ್ತು, ಕೊಂಬು, ದೀರ್ಘಗಳಿಗೆಲ್ಲ ಬೇರೆ ಬೇರೆ ಮನೆಗಳಿರುವ ಕನ್ನಡದ ಮೊಳೆಪೆಟ್ಟಿಗೆಯನ್ನು ಕರಗತಮಾಡಿಕೊಂಡವನು ಯಾವ ಊರಿನ ಮುದ್ರಣಾಲಯದಲ್ಲಿಯೂ ಕೆಲಸ ಹುಡುಕಿಕೊಳ್ಳಬಹುದಾಗಿತ್ತು. ಇದು ಬೆತ್ತಕ್ಕಿಂತ ಒಳ್ಳೆಯ ಆಯ್ಕೆಯೆಂದು ನಮ್ಮ ಅಭಿಪ್ರಾಯ. ಏಕೆಂದರೆ ಲಗ್ನಪತ್ರಿಕೆ, ಜಾತ್ರೆಯ ಕರಪತ್ರಗಳಿಗೆ ತಾಲ್ಲೂಕು ಕೇಂದ್ರದಲ್ಲಿಯೂ ಗಿರಾಕಿಯುಂಟು. ಗಣಕಯಂತ್ರ ಬಂದು ಮೊಳೆಯ ಕಾಲವೇ ಮುಗಿದುದು ಶಾಲೆಯ ತಪ್ಪಲ್ಲ.

ಕಸುಬಿನ ಆಯ್ಕೆ ಸಫಲವಾದುದಕ್ಕೆ ನಿದರ್ಶನವನ್ನು ಮೈಸೂರಿನ ಹೊರಗೆ, ಗದುಗಿನಲ್ಲಿ ನೋಡಬೇಕು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಅಂಧರು. ಹಾನಗಲ್ಲಿನ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಕರ್ನಾಟಕ ಮತ್ತು ಹಿಂದುಸ್ತಾನಿ ಎರಡು ಪದ್ಧತಿಗಳಲ್ಲಿಯೂ ಪರಿಣತಿಯನ್ನು ಪಡೆದು, ಅಂಧರೂ ಅನಾಥರೂ ಆದ ಹುಡುಗರನ್ನು ಕೂಡಿಸಿಕೊಂಡು ಊರೂರು ಸಂಚರಿಸುತ್ತ ಸಂಗೀತವನ್ನು ಹೇಳಿಕೊಟ್ಟರು. ಆ ಸಂಚಾರಿ ಪಾಠಶಾಲೆಯೇ ಕಡೆಗೆ ಗದುಗಿನಲ್ಲಿ ನೆಲೆನಿಂತು ವೀರೇಶ್ವರ ಪುಣ್ಯಾಶ್ರಮವಾಯಿತು. 1944ರಲ್ಲಿ ಅವರು ತೀರಿಕೊಂಡ ತರುವಾಯ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಆಶ್ರಮದ ಭಾರವನ್ನು ಹೊತ್ತು, 2010ರಲ್ಲಿ ತಾವು ದೇಹವಿಡುವವರೆಗೂ ನಡೆಸಿದರು. ಇವರೂ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಅದೇ ವರ್ಷ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣವನ್ನಿತ್ತಿತು.

ಗದುಗಿನ ಆಶ್ರಮವನ್ನು ಸಂಗೀತಕ್ಷೇತ್ರವೆಂದೂ ಪುಣ್ಯಕ್ಷೇತ್ರವೆಂದೂ ಹೊಗಳುವವರು ಬಹಳ. ಅದೊಂದು ವೃತ್ತಿಶಾಲೆಯೆಂದು ನೋಡಿದವರು ಕಡಿಮೆ. ವೃತ್ತಿಶಾಲೆಯೆಂದು ನೋಡಿದಾಗ ಕಾಣುವುದೇನು? ಮೊದಲನೆಯದಾಗಿ, ಕಲಿಸಿದ ವಿದ್ಯೆಗೆ ಆ ಸೀಮೆಯಲ್ಲಿಯೇ ಬೇಡಿಕೆಯಿತ್ತು. ಶ್ರಾವಣ ಮಾಸದ ಪುರಾಣ ಪ್ರವಚನಕ್ಕೆ ಗವಾಯಿ ಬೇಕು, ತಬಲದವನು ಬೇಕು. ಕೀರ್ತನಕ್ಕೆ ಹಾರ್ಮೋನಿಯಂ ಬೇಕು. ವೃತ್ತಿನಾಟಕ ಕಂಪನಿಗಳು ಊರಿಂದೂರಿಗೆ ಹೋಗುತ್ತಿದ್ದ ಕಾಲದಲ್ಲಿ ಪ್ರತಿಯೊಂದು ಕಂಪನಿಗೂ ಮೇಳದವರು ಬೇಕು. ಆಶ್ರಮವು ತಾನೇ ಒಂದು ನಾಟ್ಯಸಂಘವನ್ನು ಕಟ್ಟಿ, ಪುಟ್ಟರಾಜ ಗವಾಯಿಗಳು ನಾಟಕಗಳನ್ನು ಬರೆದು, ಅದರ ಆದಾಯದಿಂದ ಅನ್ನದ ಖರ್ಚನ್ನು ತೂಗಿಸಿತು. ಮುಂದೆ ಶಾಲೆಗಳ ಸಂಗೀತ ಶಿಕ್ಷಕರ ಹುದ್ದೆ, ಆಕಾಶವಾಣಿ ಮೊದಲಾದ ಹೊಸ ಬಾಗಿಲುಗಳೂ ತೆರೆದವು. ಎರಡನೆಯದಾಗಿ, ಗುರುವೇ ಅಂಧನಾಗಿದ್ದನು. ಕಣ್ಣಿಲ್ಲದೆ ಸ್ವರಸ್ಥಾನವನ್ನು ಹೇಗೆ ಹಿಡಿಯಬೇಕೆಂಬುದನ್ನು ಅವನು ಊಹಿಸಿ ಹೇಳಬೇಕಾಗಿರಲಿಲ್ಲ. ಮೂರನೆಯ ಸಂಗತಿ, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು: ಅಲ್ಲಿ ಕಣ್ಣುಳ್ಳವರೂ ಕಲಿತರು. ಹಿಂದುಸ್ತಾನಿ ಗಾಯಕರಲ್ಲಿ ಅಗ್ರಗಣ್ಯರಾದ ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಕಣ್ಣುಳ್ಳವನೂ ಇಲ್ಲದವನೂ ಒಂದೇ ಗುರುವಿನ ಎದುರು ಕುಳಿತು, ಒಂದೇ ಮಾನದಂಡದಿಂದ ಅಳೆಯಲ್ಪಟ್ಟಾಗ, ಹೊರಬಂದವನ ವಿದ್ಯೆಯನ್ನು ಯಾರೂ ಕರುಣೆಯಿಂದ ಕೊಳ್ಳಬೇಕಾಗಿರಲಿಲ್ಲ. ಎಲ್ಲ ಅಂಧರಿಗೂ ಕಂಠವಿರುವುದಿಲ್ಲವೆಂಬ ಆಕ್ಷೇಪಣೆ ಸರಿಯಾದುದೇ. ನಾವು ಹೇಳುತ್ತಿರುವುದು ಸಂಗೀತದ ಹಿರಿಮೆಯನ್ನಲ್ಲ, ಆಯ್ಕೆಯ ಕ್ರಮವನ್ನು.

ಸ್ವಾತಂತ್ರ್ಯಾನಂತರದ ಬೆಳವಣಿಗೆಗಳನ್ನು ಸಂಕ್ಷೇಪವಾಗಿ ಹೇಳಬಹುದು. 1959ರಲ್ಲಿ ಬೆಂಗಳೂರಿನಲ್ಲಿ ಎನ್. ಎಸ್. ಹೇಮಾ ಮತ್ತು ಸಂಗಡಿಗರು ಅಂಗವಿಕಲರ ಸಂಘವನ್ನು ಸ್ಥಾಪಿಸಿದರು; ಅದು ಕೈಗಾರಿಕಾ ತರಬೇತಿಯೊಡನೆ ತೋಟಗಾರಿಕೆಯನ್ನೂ ಕಸುಬಾಗಿ ಕಲಿಸಿದ್ದು ವಿಶೇಷ. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ಚಿತ್ರದುರ್ಗದವರೇ ಆದ ಎಸ್. ನಿಜಲಿಂಗಪ್ಪನವರು. ಈ ನಡುವೆ ಶಾಲೆಗೆ ಬರುವ ಮಕ್ಕಳ ಸ್ವರೂಪವೇ ಮಾರ್ಪಟ್ಟಿತು. ಮೈಸೂರು ಶಾಲೆ ಹುಟ್ಟಿದ ಕಾಲದಲ್ಲಿ ಮಕ್ಕಳ ಕುರುಡಿಗೆ ಸಿಡುಬು ಒಂದು ದೊಡ್ಡ ಕಾರಣ; ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರದು. ಕಾಲಿನ ಊನಕ್ಕೆ ಮುಖ್ಯ ಕಾರಣವಾಗಿದ್ದ ಪೋಲಿಯೋ 2011ರಲ್ಲಿ ಕೊನೆಯದಾಗಿ ಕಂಡು, 2014ರಲ್ಲಿ ದೇಶವು ಅದರಿಂದ ಮುಕ್ತವೆಂದು ಘೋಷಿತವಾಯಿತು. ಕಣ್ಣು ಕಾಣದ, ಕಿವಿ ಕೇಳದ ಅನೇಕ ಮಕ್ಕಳು ಈಗ ಸಾಮಾನ್ಯ ಶಾಲೆಗಳಲ್ಲಿಯೇ ಓದುತ್ತಾರೆ. ಹೀಗಿರಲು ವಿಶೇಷ ವೃತ್ತಿಶಾಲೆಯ ಬಾಗಿಲಿಗೆ ಬರುವವರಲ್ಲಿ ಬೌದ್ಧಿಕ ಬೆಳವಣಿಗೆಯಲ್ಲಿ ಹಿಂದುಳಿದವರ, ಅನೇಕ ಊನಗಳು ಒಟ್ಟಿಗೆ ಇರುವವರ ಪ್ರಮಾಣ ಹೆಚ್ಚಾಗಿದೆ. ಹಳೆಯ ಕಸುಬುಗಳಾವುವೂ ಇವರಿಗಾಗಿ ಆರಿಸಿದವಲ್ಲ.

ಕಾನೂನಿನ ಸ್ಥಿತಿಯನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. 1995ರ ಅಧಿನಿಯಮವು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರ ಅಧಿನಿಯಮ ಇಪ್ಪತ್ತೊಂದನ್ನು ಗುರುತಿಸಿ, ಸರ್ಕಾರಿ ಉದ್ಯೋಗದ ಮೀಸಲಾತಿಯನ್ನು ಶೇಕಡ ಮೂರರಿಂದ ನಾಲ್ಕಕ್ಕೆ ಏರಿಸಿತು. ಗೊತ್ತುಪಡಿಸಿದ ಪ್ರಮಾಣದ ವೈಕಲ್ಯವುಳ್ಳ ಮಗುವಿಗೆ ಆರರಿಂದ ಹದಿನೆಂಟು ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಅದು ಕೊಡುತ್ತದೆ. ಹದಿನೆಂಟು ತುಂಬಿದ ಮೇಲೆ ಉನ್ನತ ಶಿಕ್ಷಣದಲ್ಲಿ ಶೇಕಡ ಐದು ಸ್ಥಾನಗಳುಂಟು. ಆದರೆ ಕಾಲೇಜಿಗೆ ಹೋಗಲಾರದ, ಹಣವನ್ನು ಎಣಿಸಲೂ ತೊಡಕುಪಡುವ ಹತ್ತೊಂಬತ್ತರ ಹುಡುಗನಿಗೆ ಆ ಸ್ಥಾನಗಳಿಂದ ಪ್ರಯೋಜನವೇನು? ಕಸುಬಿಗೆ ಕೈ ಪಳಗುವ ವಯಸ್ಸಿನಲ್ಲಿಯೇ ಅವನ ಶಾಲೆಯ ಹಕ್ಕು ಮುಗಿಯುತ್ತದೆ. ವೃತ್ತಿ ತರಬೇತಿಗೆ ಯೋಜನೆಗಳನ್ನು ಮಾಡತಕ್ಕದ್ದೆಂದು ಅದೇ ಅಧಿನಿಯಮ ಸರ್ಕಾರಕ್ಕೆ ವಿಧಿಸಿದೆ. ಯೋಜನೆಯೆಂಬುದು ಹಕ್ಕಿನಷ್ಟು ಗಟ್ಟಿಯಾದ ಪದವಲ್ಲ.

ಇನ್ನು ಚಿತ್ರದುರ್ಗ ಸೀಮೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದ ಮೇಲೆ ಇಲ್ಲಿ ಆರು ತಾಲ್ಲೂಕುಗಳು ಉಳಿದವು. 2011ರಲ್ಲಿ ಜನಸಂಖ್ಯೆ 16,59,456. ಮಳೆ ಕಡಿಮೆ, ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶ ಹೆಚ್ಚು. ಅದರಿಂದ ಮೂಳೆಗಳಿಗೆ ಬರುವ ಊನವೂ ಈ ಜಿಲ್ಲೆಗೆ ಹೊಸದಲ್ಲ. ನಿಲಯವನ್ನು ಕಟ್ಟಿ ಅನ್ನವಿಟ್ಟು ಮಕ್ಕಳನ್ನು ಓದಿಸುವ ಸಂಪ್ರದಾಯವೂ ಇಲ್ಲಿ ಬಲವಾಗಿದೆ. ಸಿರಿಗೆರೆಯ ಮಠದ ವಿದ್ಯಾಸಂಸ್ಥೆಗಳೂ, ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ 1943ರಿಂದ ಯೋಗ ಮತ್ತು ಆಯುರ್ವೇದಗಳ ಮೂಲಕ ಜನಸೇವೆಗೆ ತೊಡಗಿದ ರಾಘವೇಂದ್ರ ಸ್ವಾಮಿಗಳ ಅನಾಥ ಸೇವಾಶ್ರಮವೂ ಇದಕ್ಕೆ ಸಾಕ್ಷಿ. ಆಶ್ರಯವನ್ನು ಕೊಡುವುದು ಈ ಸೀಮೆಗೆ ಗೊತ್ತು. ಕಸುಬನ್ನು ಹೇಗೆ ಆರಿಸಬೇಕೆಂಬುದೇ ಪ್ರಶ್ನೆ. ಅದಕ್ಕೆ ಉತ್ತರವನ್ನು ಇಲ್ಲಿನ ನೆಲದಲ್ಲಿಯೇ ಹುಡುಕಬೇಕೆಂಬುದು ನಮ್ಮ ಮತ.

ಉದಾಹರಣೆಗೆ ಕಂಬಳಿ. ಜಿಲ್ಲೆಯ ಬಯಲು ಭಾಗದಲ್ಲಿ, ಅದರಲ್ಲೂ ಚಳ್ಳಕೆರೆಯ ಕಡೆ, ಕುರಿಯ ಉಣ್ಣೆಯಿಂದ ಕಂಬಳಿ ನೇಯುವ ಕಸುಬು ಪ್ರಸಿದ್ಧವಾದುದು. ಉಣ್ಣೆಯನ್ನು ಕತ್ತರಿಸಿ, 	ಕಸವನ್ನು ಆರಿಸಿ, ಹಿಂಜಿ, ನೂತು, ಹಾಸನ್ನು ಹೂಡಿ, ಹುಣಸೆಬೀಜದ ಸರಿಯನ್ನು ಹಚ್ಚಿ, ಗುಂಡಿಮಗ್ಗದಲ್ಲಿ ನೇಯಬೇಕು. ಇದು ಒಬ್ಬನ ಕೆಲಸವಲ್ಲ, ಒಂದು ಮನೆಯ ಕೆಲಸ. ಮೊದಲಿನಿಂದಲೂ ಮುದುಕರು, ಮಕ್ಕಳು, ಹೆಂಗಸರು ತಮಗೆ ಒಗ್ಗಿದ ಹಂತವನ್ನು ಹಂಚಿಕೊಂಡು ಮಾಡಿದ್ದು. ನೂಲುವ ಕೆಲಸ ಪೂರ್ತಿಯಾಗಿ ಬೆರಳಿನ ಸ್ಪರ್ಶದ್ದು. ಕಸ ಆರಿಸುವುದು ನಿಧಾನಬುದ್ಧಿಯ ಹುಡುಗನಿಗೂ ಅಸಾಧ್ಯವಲ್ಲ. ಹೊಸದಾಗಿ ಶಾಲೆಯ ಕೊಠಡಿಯಲ್ಲಿ ಮಗ್ಗವನ್ನು ಹೂಡುವುದಕ್ಕಿಂತ, ನೇಕಾರರ ಮನೆಯ ಜಗಲಿಯನ್ನೇ ಶಾಲೆಯ ಒಂದು ತರಗತಿಯೆಂದು ಎಣಿಸಿ, ಕಲಿಸುವ ನೇಕಾರನಿಗೆ ಗೌರವಧನವನ್ನು ಕೊಡುವುದು ಲೇಸು. ಗದುಗಿನಲ್ಲಿ ಕಣ್ಣುಳ್ಳವರೊಡನೆ ಕುಳಿತು ಕಲಿತದ್ದರ ಗುಣ ಇಲ್ಲಿಯೂ ದೊರೆತೀತು.

ಸಂಗೀತಕ್ಕೂ ಈ ಸೀಮೆಯಲ್ಲಿ ಎಡೆಯಿಲ್ಲದಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರವೆಂಬ ತಿರುಗಾಟದ ನಾಟಕ ತಂಡ 1997ರಿಂದ ನಾಡನ್ನೆಲ್ಲ ಸುತ್ತುತ್ತಿದೆ. ನಾಟಕವಿದ್ದಲ್ಲಿ ಮೇಳ ಬೇಕು. ಗದುಗಿನ ಆಶ್ರಮವು ಒಂದು ಶತಮಾನದ ಹಿಂದೆ ಕಂಡುಕೊಂಡ ನಂಟು ಇಲ್ಲಿ ಕೈಗೆಟುಕುವ ದೂರದಲ್ಲಿದೆ.

ಹೊಸದುರ್ಗದ ತೆಂಗು, ಹೊಳಲ್ಕೆರೆ ಮತ್ತು ಭೀಮಸಮುದ್ರದ ಅಡಕೆ ಇವೆರಡೂ ವಿಚಾರಮಾಡತಕ್ಕ ಬೆಳೆಗಳು. ತೆಂಗಿನ ಸಿಪ್ಪೆಯಿಂದ ನಾರು ತೆಗೆಯುವ ಕೆಲಸ ಈಗ ಯಂತ್ರದ್ದು, ಧೂಳಿನದು. ಕಣ್ಣು ಕಾಣದವನಿಗಾಗಲಿ ಅಪಸ್ಮಾರವುಳ್ಳವನಿಗಾಗಲಿ ಅದನ್ನು ಒಪ್ಪಿಸಲು ನಾವು ಹಿಂಜರಿಯುತ್ತೇವೆ. ನಾರನ್ನು ಹಗ್ಗವಾಗಿ ಹೊಸೆಯುವುದು ಬೇರೆ ಮಾತು. ಹೊಸೆತದ ಬಿಗಿಯನ್ನು ಅಂಗೈಯೇ ಹೇಳುತ್ತದೆ. ಅಡಕೆಯ ಹಾಳೆಯಿಂದ ತಟ್ಟೆ ಮಾಡುವ ಕೆಲಸವಾದರೋ ಬೌದ್ಧಿಕ ತೊಡಕುಳ್ಳ ತರುಣರಿಗೆ ಹೇಳಿಮಾಡಿಸಿದಂತಿದೆ. ಹಾಳೆಯನ್ನು ಆಯ್ದು ತರುವುದು, ತೊಳೆಯುವುದು, ನೀರಿನಲ್ಲಿ ನೆನೆಸುವುದು, ಸೋರಹಾಕುವುದು, ಕಾದ ಅಚ್ಚಿನ ನಡುವೆ ಇಟ್ಟು ಒತ್ತುವುದು, ಅಂಚನ್ನು ಕತ್ತರಿಸುವುದು, ಎಣಿಸಿ ಕಟ್ಟುವುದು, ಹೀಗೆ ಅದು ತಾನಾಗಿಯೇ ಬಿಡಿಬಿಡಿ ಹಂತಗಳಾಗಿ ಒಡೆದಿರುತ್ತದೆ. ಒಂದೊಂದು ಹಂತವನ್ನು ಮತ್ತೆ ಚಿಕ್ಕ ಚಿಕ್ಕ ತುಣುಕುಗಳಾಗಿ ಒಡೆದು, ಒಂದು ಕೈಗೆ ಬರುವವರೆಗೆ ಮುಂದಿನದಕ್ಕೆ ಹೋಗದೆ ಕಲಿಸುವುದೇ ಇಂಥವರ ಅಧ್ಯಾಪನದಲ್ಲಿ ಈಗ ಒಪ್ಪಿತವಾದ ಕ್ರಮ. ಎಣಿಕೆ ಬಾರದವನಿಗೆ ಇಪ್ಪತ್ತೈದು ತಟ್ಟೆ ಹಿಡಿಯುವಷ್ಟೇ ಎತ್ತರದ ಒಂದು ಪೆಟ್ಟಿಗೆಯನ್ನು ಮಾಡಿಕೊಟ್ಟರೆ, ಪೆಟ್ಟಿಗೆ ತುಂಬಿದಾಗ ಕಟ್ಟಾಯಿತು. ಅಚ್ಚಿನ ಕಾವಿನ ಬಳಿ ಮಾತ್ರ ಮೇಲ್ವಿಚಾರಕನೊಬ್ಬನು ಸದಾ ಇರಬೇಕು. ಅದರಲ್ಲಿ ಉಳಿತಾಯ ಮಾಡಬಾರದು.

ಮದುವೆ, ಜಾತ್ರೆ, ಮಠದ ದಾಸೋಹ ಇವು ಇರುವವರೆಗೆ ತಟ್ಟೆಗೆ ಗಿರಾಕಿ ಅದೇ ಸೀಮೆಯಲ್ಲಿದ್ದಾನೆ. ತೊಡಕಿರುವುದು ಋತುವಿನಲ್ಲಿ. ಮಳೆಗಾಲದಲ್ಲಿ ಬಿದ್ದ ಹಾಳೆ ಬೂಸು ಹಿಡಿಯುತ್ತದೆ. ಒಣ ತಿಂಗಳುಗಳಲ್ಲಿಯೇ ಕೊಂಡು, ಒಣಗಿಸಿ, ಗಾಳಿಯಾಡುವ ಕೊಠಡಿಯಲ್ಲಿ ಶೇಖರಿಸಬೇಕು. ವರ್ಷವಿಡೀ ಕೆಲಸ ನಡೆಯಬೇಕಾದರೆ ಆ ಕೊಠಡಿಯೂ, ಸುಗ್ಗಿಯಲ್ಲಿ ಹಾಳೆ ಕೊಳ್ಳಲು ಕೈಯಲ್ಲಿ ಹಣವೂ ಇರಬೇಕು. ಶಾಲೆಗಳಿಗೆ ದೊರೆಯುವ ಅನುದಾನ ಸಾಮಾನ್ಯವಾಗಿ ಶಿಕ್ಷಕರ ಸಂಬಳಕ್ಕೂ ಮಕ್ಕಳ ಊಟಕ್ಕೂ ಲೆಕ್ಕಹಾಕಿದ್ದು. ಉಗ್ರಾಣಕ್ಕೆ, ಕಚ್ಚಾಮಾಲಿಗೆ ಅದರಲ್ಲಿ ಬಾಬಿಲ್ಲ. ಅಡಕೆ ಬೆಳೆಗಾರರ ಸಹಕಾರ ಸಂಘಗಳು ತಮ್ಮ ಸದಸ್ಯರ ತೋಟಗಳ ಹಾಳೆಯನ್ನು ಸಾಲವಾಗಿ ಕೊಟ್ಟು, ತಟ್ಟೆ ಮಾರಿದ ಮೇಲೆ ಹಣ ಪಡೆಯುವ ಏರ್ಪಾಡಿಗೆ ಒಪ್ಪುವುದಾದರೆ, ಮೊದಲ ವರ್ಷದ ಬಂಡವಾಳದ ಪ್ರಶ್ನೆ ಅಲ್ಲಿಗೆ ತೀರುತ್ತದೆ.